ಬಯಲಿನಲ್ಲಿ ಕೊಳಲು ನುಡಿಸುವವರಿಗೆ: ಗಾಳಿಯಿಂದ ನಾದವನ್ನು ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮನೆಯೊಳಗೆ ತುಂಬಿಕೊಂಡು ನಿಲ್ಲುತ್ತಿದ್ದ ಮಂದ್ರಸ್ಥಾಯಿಯ ಸ್ವರ ಬಯಲಿಗೆ ಬಂದ ಕೂಡಲೇ ಒಡೆಯುತ್ತದೆ. ಒಂದು ಕ್ಷಣ ಮಾಯವಾಗಿ ಮತ್ತೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಪಕ್ಕದಲ್ಲೇ ನಾಗಸ್ವರವನ್ನೋ ಕ್ಲಾರಿನೆಟ್ಟನ್ನೋ ನುಡಿಸುತ್ತಿರುವವರಿಗೆ ಈ ತೊಂದರೆ ಇರುವುದಿಲ್ಲ. ಅವರ ಉಸಿರು ಬಾಯಿಂದ ನೇರವಾಗಿ ವಾದ್ಯದೊಳಗೆ ಇಳಿಯುತ್ತದೆ. ಅಡ್ಡಕೊಳಲಿನಲ್ಲಿ ಹಾಗಲ್ಲ. ಇಲ್ಲಿ ಉಸಿರು ವಾದ್ಯವನ್ನು ಮುಟ್ಟುವ ಮೊದಲು ಕೆಲವು ಮಿಲಿಮೀಟರ್‌ನಷ್ಟು ತೆರೆದ ಜಾಗವನ್ನು ದಾಟಬೇಕು. ಗಾಳಿ ಕೈಯಾಡಿಸುವುದು ಅಲ್ಲಿಯೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಲಸ ಅರ್ಧ ಮುಗಿದಂತೆ. ಕಾಯಬೇಕಾದದ್ದು ಇಡೀ ಕೊಳಲನ್ನಲ್ಲ. ತುಟಿಗೂ ಊದುವ ರಂಧ್ರದ ಆಚೆಯ ಅಂಚಿಗೂ ನಡುವಿನ ಆ ಚಿಕ್ಕ ಜಾಗವನ್ನು. ಜಾಗದ ಆಯ್ಕೆ, ಕೂರುವ ದಿಕ್ಕು, ಮರೆ, ತಡೆಪಟ್ಟಿ, ಊದುವ ಕ್ರಮ ಎಲ್ಲವೂ ಆ ಜಾಗಕ್ಕಾಗಿಯೇ. ಬಿದಿರಿನ ಕೊಳಲು, ಬಾನ್ಸುರಿ, ಕೀಲಿಗಳಿರುವ ಲೋಹದ ಫ್ಲೂಟ್ ಮೂರಕ್ಕೂ ಇದು ಹೊಂದುತ್ತದೆ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹೇಳಿದ್ದೇನೆ.

ಮೊದಲು: ಗಾಳಿ ಏನು ಮಾಡುತ್ತದೆ

ತುಟಿಗಳ ನಡುವಿನಿಂದ ಹೊರಡುವ ಉಸಿರು ತೆಳುವಾದ ಪಟ್ಟಿಯಂತಿರುತ್ತದೆ, ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದು ರಂಧ್ರದ ಆಚೆಯ ಅಂಚನ್ನು ತಾಗಿ ಒಮ್ಮೆ ಕೊಳಲಿನ ಒಳಕ್ಕೆ, ಒಮ್ಮೆ ಹೊರಕ್ಕೆ ಓಲಾಡುತ್ತದೆ. ಮಧ್ಯಸ್ಥಾಯಿಯ ಷಡ್ಜಕ್ಕೆ ಸೆಕೆಂಡಿಗೆ ಕೆಲವು ನೂರು ಸಲ ಹೀಗೆ ಓಲಾಡಬೇಕು. ಈ ಓಲಾಟವೇ ಕೊಳವೆಯೊಳಗಿನ ಗಾಳಿಯನ್ನು ನುಡಿಸುವುದು.

ಈಗ ಲೆಕ್ಕ ಹಾಕಿ ನೋಡಿ. ಕೆಳಸ್ವರಗಳಲ್ಲಿ ಉಸಿರಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ತುಟಿಯಿಂದ ಅಂಚಿಗೆ 8 ಮಿಲಿಮೀಟರ್ ಎಂದುಕೊಂಡರೆ ಅದನ್ನು ದಾಟಲು ಸೆಕೆಂಡಿನ ಎರಡೂವರೆ ಸಾವಿರದಲ್ಲಿ ಒಂದು ಭಾಗ ಸಾಕು. ಅಷ್ಟರಲ್ಲೇ ಗಂಟೆಗೆ 18 ಕಿಲೋಮೀಟರ್ ವೇಗದ ಅಡ್ಡಗಾಳಿ 2 ಮಿಲಿಮೀಟರ್ ಸರಿದಿರುತ್ತದೆ. ಉಸಿರಿನ ಪಟ್ಟಿ ಪೂರ್ತಿ ಅಷ್ಟು ಸರಿಯುವುದಿಲ್ಲ, ಅದರಲ್ಲಿ ಒಂದು ಪಾಲು ಸರಿದರೂ ಸಾಕು, ಒಂದು ಮಿಲಿಮೀಟರ್ ದಪ್ಪದ ಪಟ್ಟಿ ಅಂಚು ತಪ್ಪುತ್ತದೆ. ತಾರಸ್ಥಾಯಿಯಲ್ಲಿ ಉಸಿರು ಇದರ ಎರಡರಷ್ಟು ವೇಗದಲ್ಲಿ ಹೋಗುವುದರಿಂದ ಸರಿಯಲು ಸಮಯವೇ ಸಿಗದು. ಬಯಲಿನಲ್ಲಿ ಮಂದ್ರ ಮೊದಲು ಸಾಯುವುದು, ತಾರ ಕೊನೆಯವರೆಗೆ ಉಳಿಯುವುದು ಇದರಿಂದಲೇ. ನಿಮ್ಮ ಸಾಧನೆ ಕಡಿಮೆಯಾಯಿತೆಂದು ನೊಂದುಕೊಳ್ಳಬೇಕಿಲ್ಲ.

ಇನ್ನೊಂದು ಮಾತು. ಒಂದೇ ಸಮ ಬೀಸುವ ಗಾಳಿಗೆ ತುಟಿ ಹೊಂದಿಕೊಳ್ಳುತ್ತದೆ. ಕಾಡುವುದು ಬಿಟ್ಟು ಬಿಟ್ಟು ಬೀಸುವ ಗಾಳಿ ಮತ್ತು ಸುಳಿಗಾಳಿ. ಹಾಗಾಗಿ ಮುಂದಿನ ಹಂತಗಳಲ್ಲಿ ಗಾಳಿಯನ್ನು ಪೂರ್ತಿ ನಿಲ್ಲಿಸುವ ಪ್ರಯತ್ನಕ್ಕಿಂತ, ಅದನ್ನು ನಿಧಾನವಾಗಿಸಿ ಸಮವಾಗಿಸುವ ಪ್ರಯತ್ನವೇ ಹೆಚ್ಚು.

ಹಂತ 1: ಗಾಳಿಯನ್ನು ಅಳೆಯಿರಿ

ಹವಾಮಾನ ಆ್ಯಪ್‌ನಲ್ಲಿ ಕಾಣುವ ವೇಗ ಸಾಮಾನ್ಯವಾಗಿ ನೆಲದಿಂದ 10 ಮೀಟರ್ ಎತ್ತರದ್ದು. ಕೂತು ನುಡಿಸುವವರ ಬಾಯಿಯ ಮಟ್ಟದಲ್ಲಿ ಅದು ಗಣನೀಯವಾಗಿ ಕಡಿಮೆ ಇರುತ್ತದೆ. ಅದೇ ಆ್ಯಪ್‌ನಲ್ಲಿ ಬೀಸುಗಾಳಿಯ (gust, ಅಂದರೆ ಒಮ್ಮೆಲೇ ಜೋರಾಗಿ ಬೀಸಿಹೋಗುವ ಗಾಳಿಯ) ವೇಗವನ್ನು ಬೇರೆಯಾಗಿ ಕೊಟ್ಟಿದ್ದರೆ ಆ ಅಂಕಿಯನ್ನು ತಪ್ಪದೆ ನೋಡಿ. ಕೊಳಲಿಗೆ ಸರಾಸರಿಗಿಂತ ಅದೇ ಮುಖ್ಯ.

ಫೋನ್ ಇಲ್ಲದೆಯೂ ತಿಳಿಯಬಹುದು. 1805ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ ರೂಪಿಸಿದ ಗಾಳಿಯ ಶ್ರೇಣಿ ಇಂದಿಗೂ ಬಳಕೆಯಲ್ಲಿದೆ. ಅದರ ಎರಡನೆಯ ಮಟ್ಟದಲ್ಲಿ, ಅಂದರೆ ಗಂಟೆಗೆ 6ರಿಂದ 11 ಕಿಲೋಮೀಟರ್‌ನಲ್ಲಿ, ಗಾಳಿ ಮುಖಕ್ಕೆ ತಾಗಿದ್ದು ಗೊತ್ತಾಗುತ್ತದೆ, ಎಲೆಗಳು ಸರಸರ ಎನ್ನುತ್ತವೆ. ಮೂರನೆಯದರಲ್ಲಿ, 12ರಿಂದ 19ರವರೆಗೆ, ಎಲೆ ಮತ್ತು ಎಳೆರೆಂಬೆಗಳು ಬಿಡುವಿಲ್ಲದೆ ಅಲುಗುತ್ತವೆ, ಹಗುರ ಬಾವುಟ ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ, 20ರಿಂದ 28ರವರೆಗೆ, ಧೂಳು ಮತ್ತು ಬಿಡಿ ಕಾಗದ ಮೇಲೇಳುತ್ತವೆ.

ನನ್ನ ತೀರ್ಮಾನ ಹೀಗೆ: ಎಲೆ ಸರಸರ ಎನ್ನುವ ಮಟ್ಟದವರೆಗೆ ಸರಿಯಾದ ದಿಕ್ಕಿಗೆ ತಿರುಗಿ ಕೂತರೆ ಸಾಕು. ಬಾವುಟ ಬಿಚ್ಚಿಕೊಂಡರೆ ಮರೆಯೂ ತಡೆಪಟ್ಟಿಯೂ ಬೇಕು. ಧೂಳು ಏಳುತ್ತಿದ್ದರೆ ಜಾಗ ಬದಲಿಸಬೇಕು, ಇಲ್ಲವೇ ಚಿಕ್ಕ ಕೊಳಲು ಕೈಗೆತ್ತಿಕೊಳ್ಳಬೇಕು. ಅದಕ್ಕೂ ಹೆಚ್ಚಾದರೆ ಕೊಳಲನ್ನು ಪೆಟ್ಟಿಗೆಯಿಂದ ತೆಗೆಯದಿರುವುದೇ ಒಳ್ಳೆಯದು.

ಸಮಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಮುಂಜಾನೆ ಅಥವಾ ಸೂರ್ಯ ಮುಳುಗಿದ ಮೇಲಿನ ಹೊತ್ತನ್ನು ಕೇಳಿ ಪಡೆಯಿರಿ. ಬಿಸಿಲಿಗೆ ನೆಲ ಕಾದಂತೆ ಗಾಳಿಯ ಪದರಗಳು ಕಲಸಿಕೊಂಡು ಮೇಲಿನ ವೇಗ ಕೆಳಗಿಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಜೋರಾಗಿರುತ್ತದೆ. ಕಡಲ ದಂಡೆಯಲ್ಲೂ ಹಗಲಿನ ಕಡಲಗಾಳಿ ಮಧ್ಯಾಹ್ನದ ಮೇಲೆಯೇ ಬಲಿಯುವುದು.

ಹಂತ 2: ಜಾಗ ಹುಡುಕಿ

ಒಂದಡಿ ಉದ್ದದ ಉಣ್ಣೆಯ ಎಳೆಯನ್ನೋ ಹಗುರ ರಿಬ್ಬನ್ನನ್ನೋ ಕೋಲಿನ ತುದಿಗೆ ಕಟ್ಟಿಕೊಳ್ಳಿ. ಕೂತಾಗ ನಿಮ್ಮ ಬಾಯಿ ಇರುವ ಎತ್ತರಕ್ಕೆ ಅದನ್ನು ಹಿಡಿದು, ನುಡಿಸಬಹುದಾದ ನಾಲ್ಕಾರು ಜಾಗಗಳಲ್ಲಿ ಒಂದೊಂದು ನಿಮಿಷ ನಿಂತು ನೋಡಿ. ಎಳೆ ಒಂದೇ ದಿಕ್ಕಿಗೆ ತೇಲಿದರೆ ಅಲ್ಲಿ ಗಾಳಿ ಸಮವಾಗಿದೆ. ಸುತ್ತು ಹೊಡೆದರೆ, ಮೇಲಕ್ಕೂ ಕೆಳಕ್ಕೂ ಹಾರಿದರೆ ಅಲ್ಲಿ ಸುಳಿ ಇದೆ. ಮೈಗೆ ಗಾಳಿ ಕಡಿಮೆ ಅನಿಸಿದರೂ ಆ ಜಾಗ ಬೇಡ.

ಮೊದಲ ನೋಟಕ್ಕೆ ಎತ್ತರದ ಗೋಡೆಯ ಹಿಂಬದಿಯೇ ಎಲ್ಲಕ್ಕಿಂತ ಒಳ್ಳೆಯ ಮರೆ ಅನಿಸುತ್ತದೆ. ಆದರೆ ಗಟ್ಟಿ ಗೋಡೆಯನ್ನು ಹತ್ತಿ ದಾಟಿದ ಗಾಳಿ ಅದರ ಹಿಂದೆ ಸುತ್ತಿಕೊಂಡು ಕೆಳಗಿಳಿಯುತ್ತದೆ. ಗಿಡಗಳ ದಟ್ಟ ಬೇಲಿ, ಜಾಲರಿ, ಬಿದಿರಿನ ತಟ್ಟಿಯಂಥವು ಗಾಳಿಯನ್ನು ಸ್ವಲ್ಪ ಒಳಬಿಡುವುದರಿಂದ ಸುಳಿ ಕಡಿಮೆ. ಅರ್ಧದಷ್ಟು ಭಾಗ ತೆರೆದಿರುವ ತಡೆಗಳು ಇದಕ್ಕೆ ಅತ್ಯುತ್ತಮ. ಹೊಲಗಳ ಅಂಚಿನಲ್ಲಿ ಗಾಳಿ ತಡೆಯಲು ಬೆಳೆಸುವ ಮರಸಾಲುಗಳೂ ಇದೇ ತತ್ತ್ವದ ಮೇಲೆ ನಿಂತಿವೆ. ಅಂಥ ಸಾಲಿನ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿ ತಗ್ಗಿರುತ್ತದೆ.

ಕಟ್ಟಡದ ಮೂಲೆ ಬೇಡ, ಅಲ್ಲಿ ಗಾಳಿ ಸುತ್ತಿ ಬರುವಾಗ ವೇಗ ಪಡೆಯುತ್ತದೆ. ಎರಡು ಕಟ್ಟಡಗಳ ನಡುವಿನ ಓಣಿ ಇನ್ನೂ ಬೇಡ. ದಿಬ್ಬದ ನೆತ್ತಿಯೂ ಅಷ್ಟೆ. ಮೂರು ಕಡೆ ಮುಚ್ಚಿದ ಜಗುಲಿ ಸಿಕ್ಕರೆ, ತೆರೆದ ಬದಿ ಗಾಳಿಗೆ ಎದುರಾಗಿಲ್ಲವೆಂದು ನೋಡಿಕೊಂಡು, ಬೇರೆ ಯೋಚನೆ ಮಾಡದೆ ಅಲ್ಲೇ ಕುಳಿತುಬಿಡಿ.

ವೇದಿಕೆ ಎಲ್ಲಿ ಹಾಕಬೇಕೆಂದು ಸಂಘಟಕರು ನಿಮ್ಮನ್ನೂ ಕೇಳಿದರೆ, ಗಾಳಿ ಬರುವ ಕಡೆಗೆ ವೇದಿಕೆ, ಗಾಳಿ ಹೋಗುವ ಕಡೆಗೆ ಕೇಳುಗರು ಎಂದು ಹೇಳಿ. ಆಗ ನಿಮ್ಮ ಬೆನ್ನಿಗೆ ಗಾಳಿ ಬರುತ್ತದೆ. ಜೊತೆಗೆ ಇನ್ನೊಂದು ಲಾಭವೂ ಇದೆ: ಗಾಳಿಯೊಂದಿಗೆ ಸಾಗುವ ನಾದ ನೆಲದ ಕಡೆಗೆ ಬಾಗುತ್ತದೆ, ಗಾಳಿಗೆ ಎದುರಾಗಿ ಸಾಗುವ ನಾದ ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ. ಒಂದೇ ಏರ್ಪಾಡಿನಿಂದ ನುಡಿಸುವವರಿಗೂ ಕೇಳುವವರಿಗೂ ಅನುಕೂಲ.

ಹಂತ 3: ಮೈಯನ್ನೇ ಮರೆಯಾಗಿಸಿಕೊಳ್ಳಿ

ನಿಮ್ಮಲ್ಲಿರುವ ಅತ್ಯಂತ ದೊಡ್ಡ ತಡೆ ನಿಮ್ಮ ತಲೆ ಮತ್ತು ಭುಜ. ಬೆನ್ನನ್ನು ಗಾಳಿಗೆ ಕೊಟ್ಟರೆ ಊದುವ ರಂಧ್ರ ಮುಖದ ನೆರಳಿನಲ್ಲಿ ಉಳಿಯುತ್ತದೆ. ಎದುರುಗಾಳಿ ಉಸಿರಿನ ಪಟ್ಟಿಯನ್ನು ತುಟಿಯ ಕಡೆಗೇ ದಬ್ಬುತ್ತದೆ, ಅದಕ್ಕಿಂತ ಕೆಟ್ಟ ದಿಕ್ಕಿಲ್ಲ. ಪಕ್ಕದ ಗಾಳಿ ಪಟ್ಟಿಯನ್ನು ಕೊಳವೆಯುದ್ದಕ್ಕೂ ಎಳೆಯುತ್ತದೆ.

ಬೆನ್ನು ಕೊಟ್ಟರಷ್ಟೇ ಸಾಲದು. ತಲೆಯನ್ನು ಸುತ್ತಿ ಬಂದ ಗಾಳಿ ಮುಖದ ಮುಂದೆ ಚಿಕ್ಕ ಸುಳಿಗಳನ್ನು ಮಾಡುತ್ತದೆ. ಹಾಗಾಗಿ ನೇರ ಬೆನ್ನಿಗಿಂತ ತುಸು ಓರೆಯಾಗಿ ಕೂತಾಗ ನಾದ ಹೆಚ್ಚು ಸ್ಥಿರವಾಗಿರುವುದುಂಟು. ಎಷ್ಟು ಓರೆ, ಎಡಕ್ಕೋ ಬಲಕ್ಕೋ ಎಂಬುದು ಮುಖದ ಆಕಾರ ಮತ್ತು ಕೊಳಲು ಹಿಡಿಯುವ ಕೋನದ ಮೇಲೆ ನಿಂತಿದೆ. ಅದನ್ನು ಕಂಡುಕೊಳ್ಳುವ ರೀತಿ ಹೀಗೆ.

ಮಂದ್ರದ ಒಂದು ಸ್ವರವನ್ನು, ಪಂಚಮವಾದರೆ ಒಳ್ಳೆಯದು, ಎಳೆದು ಹಿಡಿಯಿರಿ. ನಿಂತಲ್ಲೇ ಒಂದು ಪೂರ್ತಿ ಸುತ್ತನ್ನು ಎಂಟು ಭಾಗ ಮಾಡಿಕೊಂಡು ನಿಧಾನವಾಗಿ ತಿರುಗಿ. ಪ್ರತಿ ಭಾಗದಲ್ಲಿ ಒಂದು ಪೂರ್ಣ ಉಸಿರಿನಷ್ಟು ಹೊತ್ತು ನಿಲ್ಲಿ. ಎಲ್ಲಿ ಸ್ವರ ಒಡೆಯಿತು, ಎಲ್ಲಿ ಬರೀ ಸೀಳು ಸದ್ದಾಯಿತು, ಎಲ್ಲಿ ಮನೆಯಲ್ಲಿ ನುಡಿದಂತೆಯೇ ನುಡಿಯಿತು ಎಂದು ಗುರುತಿಸಿಕೊಳ್ಳಿ. ಒಳ್ಳೆಯ ದಿಕ್ಕು ಸಿಕ್ಕ ಮೇಲೆ ಅದರ ಆಚೀಚೆ ಇನ್ನಷ್ಟು ಸಣ್ಣ ಹೆಜ್ಜೆಗಳಲ್ಲಿ ತಿರುಗಿ ನೋಡಿ. ಈ ಪರೀಕ್ಷೆಯನ್ನು ಬಿಟ್ಟು ಮುಂದಿನ ಹಂತಕ್ಕೆ ಹೋಗಬೇಡಿ. ದಿಕ್ಕು ತಪ್ಪಾಗಿದ್ದರೆ ಎಂಥ ತಡೆಪಟ್ಟಿಯೂ ನೆರವಾಗದು.

ನಿಲ್ಲುವುದಕ್ಕಿಂತ ಕೂರುವುದು ಮೇಲು, ಕುರ್ಚಿಗಿಂತ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು ಇನ್ನೂ ಮೇಲು. ನೆಲದ ಹತ್ತಿರ ಗಾಳಿಯ ವೇಗ ಕಡಿಮೆ. ಉದ್ದ ಕೂದಲಿದ್ದರೆ ಬಿಗಿಯಾಗಿ ಕಟ್ಟಿಕೊಳ್ಳಿ, ಒಂದೇ ಒಂದು ಎಳೆ ಊದುವ ರಂಧ್ರದ ಮೇಲೆ ಹಾದರೂ ಸ್ವರ ಕೆಡುತ್ತದೆ. ಶಾಲು, ದುಪಟ್ಟಾಗಳಿಗೆ ಪಿನ್ ಹಾಕಿ.

ಹಂತ 4: ಬೆನ್ನ ಹಿಂದೆ ಒಂದು ಪರದೆ

ಕಾರ್ಯಕ್ರಮ ದೊಡ್ಡದಾಗಿದ್ದರೆ ವೇದಿಕೆಯ ಹಿಂದೆ ಬ್ಯಾನರ್ ಇದ್ದೇ ಇರುತ್ತದೆ. ಗಾಳಿ ತಡೆಯಲು ಅದು ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು, ಮೇಲಾಗಿ ಅದು ಅಪಾಯಕಾರಿ. ಗಂಟೆಗೆ 36 ಕಿಲೋಮೀಟರ್ ಗಾಳಿ ಬೀಸಿದಾಗ ಎದುರಾದ ಪ್ರತಿ ಚದರ ಮೀಟರ್ ಮೇಲೂ ಸುಮಾರು 6–7 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬ್ಯಾನರ್ ಎಂದರೆ ಹತ್ತಿರಹತ್ತಿರ 40 ಕಿಲೋ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಕಂಬ ಸಡಿಲವಿದ್ದರೆ ಅದು ಬೀಳುವುದು ನುಡಿಸುವವರ ಬೆನ್ನ ಮೇಲೆ.

ಇದರ ಬದಲು ನರ್ಸರಿಗಳಲ್ಲಿ ಬಳಸುವ, ಅರ್ಧ ನೆರಳಿನ ಶೇಡ್ ನೆಟ್ ಕಟ್ಟಿಸಿ. ನುಡಿಸುವವರಿಂದ ಒಂದೆರಡು ಮೀಟರ್ ಹಿಂದೆ, ಕೂತವರ ತಲೆಗಿಂತ ಎರಡಡಿಯಾದರೂ ಎತ್ತರಕ್ಕೆ, ಎರಡೂ ಬದಿಗಳನ್ನು ತುಸು ಮುಂದಕ್ಕೆ ಬಾಗಿಸಿ ಕಟ್ಟಬೇಕು. ಕೆಳಗಿನ ಅಂಚು ನೆಲ ಮುಟ್ಟಬೇಕು, ಇಲ್ಲದಿದ್ದರೆ ಸಂದಿಯಿಂದ ನುಗ್ಗಿದ ಗಾಳಿ ನೇರ ಕೊಳಲಿಗೇ ಬರುತ್ತದೆ. ಪಟಪಟ ಬಡಿಯದಂತೆ ಎಲ್ಲ ಕಡೆಯಿಂದಲೂ ಎಳೆದು ಕಟ್ಟಿ, ಆ ಸದ್ದನ್ನು ಮೈಕ್ ಬಹಳ ಚೆನ್ನಾಗಿ ಹಿಡಿಯುತ್ತದೆ.

ಹಂತ 5: ಕೊಳಲಿಗೇ ಕಟ್ಟುವ ತಡೆಪಟ್ಟಿ

ಮೆರವಣಿಗೆಯ ವಾದ್ಯತಂಡಗಳಲ್ಲಿ ನುಡಿಸುವವರಿಗಾಗಿ, ಲೋಹದ ಫ್ಲೂಟಿನ ತಲೆಭಾಗಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ತಡೆಗಳು ಸಿದ್ಧವಾಗಿ ಸಿಗುತ್ತವೆ. ಬಿದಿರಿನ ಕೊಳಲಿನ ದಪ್ಪ ಒಂದೊಂದರದ್ದು ಒಂದೊಂದು ಅಳತೆ, ಅದಕ್ಕೆ ನಾವೇ ಮಾಡಿಕೊಳ್ಳುವುದು ಸರಿ. ಕಷ್ಟದ ಕೆಲಸವೇನಲ್ಲ, ಆದರೆ ಕೆಲವು ಅಳತೆಗಳನ್ನು ಮೀರಬಾರದು.

ಬೇಕಾದವು: ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ (ನೀರಿನ ಬಾಟಲಿಯ ನಡುಭಾಗ ಸಾಕು), ಒಂದು ಬೆರಳಗಲದ ವೆಲ್ಕ್ರೋ ಪಟ್ಟಿ ಎರಡು, ಮೆತ್ತನೆಯ ಬಟ್ಟೆ, ಅಂಚಿಗೆ ಸುತ್ತಲು ಟೇಪ್.

ಹಾಳೆಯನ್ನು 11–12 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ. ನಾಲ್ಕು ಮೂಲೆಗಳನ್ನೂ ದುಂಡಗೆ ಮಾಡಿ, ಅಂಚಿಗೆಲ್ಲ ಟೇಪ್ ಸುತ್ತಿ. ಇದು ತುಟಿ, ಕೆನ್ನೆಗಳ ಪಕ್ಕದಲ್ಲೇ ಇರುವ ವಸ್ತು, ಈ ಕೆಲಸದಲ್ಲಿ ಅವಸರ ಬೇಡ. ಉದ್ದದ ಎರಡು ತುದಿಗಳನ್ನು ನಿಮ್ಮ ಮುಖದ ಕಡೆಗೆ ತುಸು ಬಾಗಿಸಿ, ಪಕ್ಕದ ಗಾಳಿಯನ್ನು ತಡೆಯುವುದು ಆ ಬಾಗಿದ ತುದಿಗಳೇ. ಕೆಳಗಿನ ಅಂಚಿನ ಎರಡೂ ಕೊನೆಗೆ ಸೀಳು ಮಾಡಿ ವೆಲ್ಕ್ರೋ ತೂರಿಸಿ.

ಕಟ್ಟುವ ಜಾಗ: ಒಂದು ಪಟ್ಟಿ ಊದುವ ರಂಧ್ರದ ಎಡಕ್ಕೆ, ಇನ್ನೊಂದು ಬಲಕ್ಕೆ. ರಂಧ್ರದ ಹತ್ತಿರ ಯಾವ ಪಟ್ಟಿಯೂ ಬರಬಾರದು, ಲೋಹದ ಫ್ಲೂಟಿನಲ್ಲಿ ತುಟಿ ಊರುವ ತಟ್ಟೆಯ ಮೇಲೂ ಬರಬಾರದು. ಹಾಳೆ ನಿಲ್ಲಬೇಕಾದದ್ದು ಕೊಳವೆಯ ಆಚೆ ಬದಿಯಲ್ಲಿ, ಅಂದರೆ ಕೇಳುಗರ ಕಡೆಗೆ. ರಂಧ್ರದ ಅಂಚಿನಿಂದ ಹಾಳೆಗೆ ಕನಿಷ್ಠ 3 ಸೆಂಟಿಮೀಟರ್ ಅಂತರವಿರಲಿ. ಮೇಲ್ಭಾಗ ಹೊರಕ್ಕೆ ವಾಲಿರಲಿ, ಪೂರ್ತಿ ತೆರೆದಿರಲಿ.

ಈ ಅಂತರ ಯಾಕೆ ಬೇಕೆಂದರೆ, ಊದುವ ರಂಧ್ರ ಬರೀ ಉಸಿರು ಹೋಗುವ ದಾರಿಯಲ್ಲ, ನಾದದ ಮಟ್ಟಿಗೆ ಅದು ಕೊಳವೆಯ ಒಂದು ತೆರೆದ ತುದಿ. ಅದರ ಮುಂದೆ ತೀರಾ ಹತ್ತಿರ ಏನೇ ಬಂದರೂ ಶ್ರುತಿ ಇಳಿಯುತ್ತದೆ, ಕೊಳಲನ್ನು ಒಳಕ್ಕೆ ಹೊರಳಿಸಿದಾಗ ಇಳಿಯುವ ಹಾಗೆಯೇ. ಎರಡನೆಯದಾಗಿ, ಉಸಿರಿನ ಅರ್ಧ ಭಾಗ ಅಂಚಿನ ಆಚೆಗೆ ಹೊರಬೀಳುತ್ತದೆ. ಅದಕ್ಕೆ ಹೋಗಲು ದಾರಿ ಬೇಕು. ಹಾಳೆ ಹತ್ತಿರವಿದ್ದು ನೇರವಾಗಿ ನಿಂತಿದ್ದರೆ ಆ ಉಸಿರು ಬಡಿದು ಹಿಂದಿರುಗುತ್ತದೆ. ಹೊರಗಿನ ಗಾಳಿ ಮಾಡುತ್ತಿದ್ದ ಕೇಡನ್ನು ಆಗ ನಮ್ಮ ತಡೆಯೇ ಮಾಡಿದಂತಾಗುತ್ತದೆ.

ಕಟ್ಟಿದ ಮೇಲೆ ಮನೆಯೊಳಗೇ ಪರೀಕ್ಷಿಸಿ. ಟ್ಯೂನರ್ ಆ್ಯಪ್ ಇಟ್ಟುಕೊಂಡು ಒಂದೇ ಸ್ವರವನ್ನು ತಡೆ ಇಲ್ಲದೆ ಒಮ್ಮೆ, ತಡೆ ಕಟ್ಟಿ ಒಮ್ಮೆ ನುಡಿಸಿ. ಅರ್ಧಸ್ವರಕ್ಕೆ 100 ಸೆಂಟ್ ಎಂಬ ಅಳತೆಯಲ್ಲಿ 5 ಸೆಂಟ್‌ಗಿಂತ ಹೆಚ್ಚು ಇಳಿದರೆ ಹಾಳೆಯನ್ನು ಇನ್ನೂ ದೂರ ಸರಿಸಿ. ನಾದದಲ್ಲಿ ಸುಯ್ ಎಂಬ ಸದ್ದು ಬೆರೆತರೆ ಹಾಳೆಯನ್ನು ಇನ್ನಷ್ಟು ಹೊರಕ್ಕೆ ವಾಲಿಸಿ, ಒಳಮೈಗೆ ತೆಳು ಉಣ್ಣೆಬಟ್ಟೆ ಅಂಟಿಸಿ. ಕೊಳಲು ತಾನಾಗಿ ಆಚೆಗೆ ಹೊರಳುತ್ತಿದ್ದರೆ ತಡೆ ಭಾರವಾಗಿದೆ ಎಂದರ್ಥ.

ಪ್ಲಾಸ್ಟಿಕ್ಕಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಜಾಲರಿಯ ತಡೆ. ತೆಳು ತಂತಿಯನ್ನು ಅದೇ ಅಳತೆಗೆ ಚೌಕಟ್ಟಿನಂತೆ ಬಗ್ಗಿಸಿ, ಸೊಳ್ಳೆಪರದೆಯ ಬಟ್ಟೆಯನ್ನು ಎರಡು ಪದರ ಮಾಡಿ ಅದರ ಮೇಲೆ ಬಿಗಿದು ಹೊಲಿದರೆ ಆಯಿತು. ಹೊರಗಿನ ಗಾಳಿ ಜಾಲರಿಯಲ್ಲಿ ತಗ್ಗಿ ಬರುತ್ತದೆ, ನಮ್ಮ ಉಸಿರು ಬಡಿದು ಹಿಂದಿರುಗದೆ ಹೊರಟುಹೋಗುತ್ತದೆ, ಶ್ರುತಿಯ ಮೇಲೂ ಪರಿಣಾಮ ಕಡಿಮೆ. ಜೋರು ಗಾಳಿಗೆ ಪ್ಲಾಸ್ಟಿಕ್ಕಿನಷ್ಟು ತಡೆ ಸಿಗುವುದಿಲ್ಲ, ನಿಜ. ಆದರೆ ಹಂತ 2 ಮತ್ತು 3ನ್ನು ಸರಿಯಾಗಿ ಮಾಡಿಕೊಂಡವರಿಗೆ ಅಷ್ಟು ಜೋರು ಗಾಳಿ ರಂಧ್ರದವರೆಗೆ ಬಂದಿರುವುದೂ ಇಲ್ಲ.

ಕೆಲವು ಎಚ್ಚರಿಕೆಗಳು. ಬೆಳ್ಳಿಯ ಅಥವಾ ಬೆಳ್ಳಿಲೇಪದ ಫ್ಲೂಟಿಗೆ ರಬ್ಬರ್‌ಬ್ಯಾಂಡ್ ಹಾಕಬೇಡಿ, ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಬಿದಿರಿನ ಮೇಲೆ ನೇರವಾಗಿ ಟೇಪ್ ಅಂಟಿಸಬೇಡಿ, ತೆಗೆಯುವಾಗ ಪಾಲಿಶ್ ಕಿತ್ತು ಬರುತ್ತದೆ. ದಾರ ಸುತ್ತಿದ ಭಾಗವಿದ್ದರೆ ಅದರ ಮೇಲೆ ಬಟ್ಟೆಯಿಟ್ಟು ವೆಲ್ಕ್ರೋ ಕಟ್ಟಿ. ಕೊಳಲಿನ ಕೆಳತುದಿಯನ್ನು ಮುಚ್ಚಿದರೆ ಗಾಳಿ ಒಳನುಗ್ಗದು ಎಂಬ ಸಲಹೆಯನ್ನು ಕೇಳಬೇಡಿ. ಆ ತುದಿ ತೆರೆದಿದ್ದರೆ ಮಾತ್ರ ಅತಿ ಕೆಳಗಿನ ಸ್ವರ ಸರಿಯಾಗಿ ಬರುವುದು.

ಹಂತ 6: ಊದುವ ಕ್ರಮ

ಮರೆ, ಪಟ್ಟಿ ಎಲ್ಲ ಆದ ಮೇಲೂ ಸ್ವಲ್ಪ ಗಾಳಿ ಉಳಿಯುತ್ತದೆ. ಅದನ್ನು ಎದುರಿಸುವುದು ತುಟಿ.

ತುಟಿಗಳ ನಡುವಿನ ಬಿರುಕನ್ನು ಮನೆಯಲ್ಲಿ ಇಡುವುದಕ್ಕಿಂತ ಕಿರಿದು ಮಾಡಿ. ಅದೇ ಉಸಿರು ಹೆಚ್ಚು ವೇಗದಲ್ಲಿ ಹೊರಡುತ್ತದೆ. ಕೊಳಲನ್ನು ಕೂದಲೆಳೆಯಷ್ಟು ಒಳಕ್ಕೆ ಹೊರಳಿಸಿ, ತುಟಿಗೂ ಅಂಚಿಗೂ ಇರುವ ದೂರ ಕಡಿಮೆಯಾಗುತ್ತದೆ. ಹೊರಳಿಸಿದ್ದರಿಂದ ಶ್ರುತಿ ಇಳಿಯುತ್ತದೆ, ವೇಗ ಹೆಚ್ಚಿದ್ದರಿಂದ ಏರುತ್ತದೆ, ಎರಡೂ ಒಂದನ್ನೊಂದು ಸರಿದೂಗಿಸುವ ಬಿಂದುವನ್ನು ಕಿವಿಯಿಂದ ಹುಡುಕಬೇಕು. ಇದು ಹೇಳಿಕೊಟ್ಟು ಬರುವ ವಿದ್ಯೆಯಲ್ಲ, ಆದರೆ ಅಭ್ಯಾಸ ಮಾಡಲು ಒಂದು ದಾರಿ ಇದೆ.

ಮನೆಯಲ್ಲಿ ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ ಮೂರು ಮೀಟರ್ ದೂರಕ್ಕೆ ಇಟ್ಟುಕೊಳ್ಳಿ. ಮೊದಲು ಬೆನ್ನಿಗೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಎದುರಿಗೆ. ಪ್ರತಿ ದಿಕ್ಕಿನಲ್ಲೂ ತಾರಷಡ್ಜದಿಂದ ಒಂದೊಂದೇ ಸ್ವರ ಇಳಿಯುತ್ತ ಮಂದ್ರದವರೆಗೆ ಬನ್ನಿ. ಎಲ್ಲಿ ಸ್ವರ ಒಡೆಯುತ್ತದೋ ಅಲ್ಲೇ ನಿಂತು ತುಟಿಯ ಬಿರುಕು, ಕೋನ, ದೂರ ಈ ಮೂರನ್ನೂ ಒಂದೊಂದಾಗಿ ಬದಲಿಸಿ ನೋಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಹೆಚ್ಚಾದರೆ ತುಟಿ ಒಣಗುತ್ತದೆ. ಸ್ವರ ನಿಲ್ಲತೊಡಗಿದ ಮೇಲೆ ಫ್ಯಾನನ್ನು ಹತ್ತಿರ ತಂದುಕೊಳ್ಳಿ. ತಲೆಯನ್ನು ಅತ್ತಿತ್ತ ತಿರುಗಿಸುವ ಫ್ಯಾನ್ ಇದ್ದರೆ ಬಿಟ್ಟು ಬಿಟ್ಟು ಬೀಸುವ ಗಾಳಿಯ ಅಭ್ಯಾಸವೂ ಆಗುತ್ತದೆ.

ಸ್ವರ ಅತ್ಯಂತ ದುರ್ಬಲವಾಗಿರುವುದು ಆರಂಭದ ಕ್ಷಣದಲ್ಲಿ. ಒಮ್ಮೆ ಕೊಳವೆಯೊಳಗೆ ಕಂಪನ ನೆಲೆಗೊಂಡರೆ ಅದೇ ಉಸಿರಿನ ಪಟ್ಟಿಯನ್ನು ತನ್ನ ಲಯಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಯಲಿನಲ್ಲಿ ಮಂದ್ರದ ಸ್ವರವನ್ನು ಬರಿದಾದ ಮೌನದಿಂದ ಎತ್ತಿಕೊಳ್ಳಬೇಡಿ. ಮೇಲಿನ ಸ್ವರದಿಂದ ಜಾರಿಕೊಂಡು ಅದಕ್ಕೆ ಇಳಿಯಿರಿ. ನೇರವಾಗಿ ಎತ್ತಲೇಬೇಕಾದಲ್ಲಿ ನಾಲಿಗೆಯಿಂದ ‘ತು’ ಎಂದು ಸ್ಪಷ್ಟವಾಗಿ ಬಿಡಿಸಿ. ಗಾಳಿ ಜೋರಾಗಿ ಬಂದಾಗ ಅದರೊಂದಿಗೆ ಹೋರಾಡದೆ ಆ ಕ್ಷಣವನ್ನು ಉಸಿರು ತೆಗೆದುಕೊಳ್ಳಲು ಬಳಸಿ. ಜೊತೆಗಾರರಿಗೆ ಮೊದಲೇ ಹೇಳಿದ್ದರೆ ಮೃದಂಗವೋ ತಬಲವೋ ಆ ಜಾಗವನ್ನು ತುಂಬುತ್ತದೆ.

ತಲೆ ಸುತ್ತಿದರೆ ನಿಲ್ಲಿಸಿ. ಗಾಳಿಯನ್ನು ಗೆಲ್ಲಲು ಬಲವಂತವಾಗಿ ಊದುತ್ತ ಹೋದರೆ ಉಸಿರಾಟದ ಸಮತೋಲ ತಪ್ಪುತ್ತದೆ. ವೇಗ ಹೆಚ್ಚಬೇಕಾದದ್ದು ಬಿರುಕು ಕಿರಿದಾಗಿ, ಎದೆಯ ಒತ್ತಡದಿಂದಲ್ಲ.

ಹಂತ 7: ಕೊಳಲು ಮತ್ತು ಕೃತಿಯ ಆಯ್ಕೆ

ಉದ್ದದ ಮಂದ್ರಕೊಳಲು ಬಯಲಿಗೆ ತರುವ ವಾದ್ಯವಲ್ಲ. ಅದರ ಉಸಿರು ನಿಧಾನ, ಊದುವ ರಂಧ್ರ ದೊಡ್ಡದು, ದಾಟಬೇಕಾದ ದೂರ ಹೆಚ್ಚು, ಗಾಳಿಗೆ ಬೇಕಾದದ್ದೆಲ್ಲ ಅಲ್ಲಿದೆ. ಚಿಕ್ಕ, ಎತ್ತರದ ಶ್ರುತಿಯ ಕೊಳಲನ್ನು ಒಯ್ಯಿರಿ. ಮಧ್ಯ ಮತ್ತು ತಾರಸ್ಥಾಯಿಗಳಲ್ಲಿ ಹೆಚ್ಚು ಸಂಚರಿಸುವ ರಚನೆಗಳನ್ನು ಆರಿಸಿ. ಮಂದ್ರದಲ್ಲಿ ತಂಗುವ ವಿಳಂಬ ಆಲಾಪವನ್ನು ಸಭಾಂಗಣಕ್ಕೆ ಉಳಿಸಿಕೊಳ್ಳಿ.

ಪೀಪಿಯಂತೆ ನೇರ ಹಿಡಿದು ಊದುವ ರೆಕಾರ್ಡರ್ ಬಗೆಯ ಕೊಳಲುಗಳಲ್ಲಿ ಉಸಿರು ಮುಚ್ಚಿದ ಸಂದಿಯಲ್ಲಿ ಹಾದು ಬರುವುದರಿಂದ ತುಸು ಅನುಕೂಲ. ಆದರೂ ಅವುಗಳಲ್ಲಿ ಉಸಿರು ಅಂಚಿಗೆ ತಾಗುವ ಕಿಟಕಿ ತೆರೆದೇ ಇರುತ್ತದೆ, ಅಲ್ಲಿಗೆ ಗಾಳಿ ನೇರ ಬಡಿದರೆ ಅವೂ ಮೂಕವಾಗುತ್ತವೆ.

ಹಂತ 8: ಶ್ರುತಿ

ಗಾಳಿ ಕೊಳಲನ್ನು ತಣ್ಣಗಾಗಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ನಾದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಒಂದೊಂದು ಡಿಗ್ರಿ ಇಳಿದಂತೆ ಅದು 0.6 ಮೀಟರಿನಷ್ಟು ತಗ್ಗುತ್ತದೆ. ಕೊಳವೆಯೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿ 30 ಸೆಂಟ್‌ನಷ್ಟು, ಅಂದರೆ ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ನುಡಿಸುತ್ತಿರುವಾಗ ಬಿಸಿಯುಸಿರು ಒಳಗಿರುವುದರಿಂದ ವ್ಯತ್ಯಾಸ ಇಷ್ಟು ದೊಡ್ಡದಿರದು. ತೊಂದರೆ ಬರುವುದು ಜೊತೆಗಾರರ ಸರದಿಯ ಹೊತ್ತಿನಲ್ಲಿ ಕೊಳಲು ಸುಮ್ಮನೆ ಮಡಿಲಲ್ಲಿದ್ದಾಗ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಕೊಳಲು ಕೆಳಗಿಳಿದಿರುತ್ತದೆ. ಬಿಡುವಿನಲ್ಲಿ ಕೊಳಲನ್ನು ಶಾಲಿನೊಳಗೆ ಮೈಗೆ ಒತ್ತಿ ಇಟ್ಟುಕೊಳ್ಳಿ. ನಿಮ್ಮ ಸರದಿ ಬರುವ ಮುಂಚೆ ಎಲ್ಲ ರಂಧ್ರಗಳನ್ನು ಮುಚ್ಚಿ, ಸದ್ದಿಲ್ಲದೆ ಎರಡು ಮೂರು ಬಿಸಿಯುಸಿರು ಒಳಕ್ಕೆ ಬಿಡಿ.

ಹಂತ 9: ಮೈಕ್

ಕೊಳಲಿನ ನಾದವನ್ನು ಕಾಯ್ದುಕೊಂಡರೂ ಮೈಕಿನಲ್ಲಿ ಬುರಬುರ ಸದ್ದು ಬಂದರೆ ಕೇಳುಗರಿಗೆ ಸಿಗುವುದು ಅದೇ. ಮೈಕಿಗೆ ಸ್ಪಂಜಿನ ಮುಸುಕು ಹಾಕಿಸಿ, ಗಾಳಿ ಹೆಚ್ಚಿದ್ದರೆ ತುಪ್ಪಳದಂಥ ನವಿರಾದ ಮುಸುಕು ಇನ್ನೂ ಒಳ್ಳೆಯದು. ಒಂದೇ ದಿಕ್ಕಿನಿಂದ ಸದ್ದು ಹಿಡಿಯುವ ಮೈಕುಗಳಿಗೆ ಗಾಳಿಯ ಕಾಟ ಹೆಚ್ಚು, ಎಲ್ಲ ದಿಕ್ಕಿನಿಂದ ಹಿಡಿಯುವವಕ್ಕೆ ಕಡಿಮೆ. ಕಿವಿಗೆ ಸಿಕ್ಕಿಸಿ ಕೆನ್ನೆಯ ಬಳಿ ನಿಲ್ಲುವ ಚಿಕ್ಕ ಮೈಕ್ ಮುಖದ ನೆರಳಿನಲ್ಲೇ ಇರುವುದರಿಂದ ಬಯಲಿಗೆ ಬಹಳ ಅನುಕೂಲ. ಸ್ಟ್ಯಾಂಡಿನ ಮೈಕಾದರೆ ಉಸಿರು ಹೊರಬೀಳುವ ಗೆರೆಯಲ್ಲಿ ಇಡಬೇಡಿ. ಊದುವ ರಂಧ್ರಕ್ಕೂ ಮೊದಲ ಬೆರಳ ರಂಧ್ರಕ್ಕೂ ನಡುವೆ, ಸ್ವಲ್ಪ ಮೇಲಿನಿಂದ ಇಳಿಬಿಟ್ಟಂತೆ ಇರಲಿ.

ಗಾಳಿಯ ಸದ್ದು ಬಹುಪಾಲು ತಗ್ಗಿನ ಆವರ್ತಾಂಕಗಳಲ್ಲಿ ಇರುತ್ತದೆ. ಲೋಹದ ಫ್ಲೂಟಿನ ಸಾಮಾನ್ಯವಾದ ಅತಿ ಕೆಳಗಿನ ಸ್ವರವೇ ಸುಮಾರು 262 ಹರ್ಟ್ಸ್. ಹಾಗಾಗಿ 120ರಿಂದ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಿ ಎಂದು ಧ್ವನಿ ನಿರ್ವಾಹಕರಿಗೆ ಹೇಳಿದರೆ ಕೊಳಲು ಏನನ್ನೂ ಕಳೆದುಕೊಳ್ಳುವುದಿಲ್ಲ. ಮಾನಿಟರ್, ಅಂದರೆ ನುಡಿಸುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್, ಹತ್ತಿರವಿರಲಿ. ಗಾಳಿಯಲ್ಲಿ ತನ್ನ ನಾದ ತನಗೆ ಕೇಳಿಸದಿದ್ದರೆ ಯಾರೇ ಆದರೂ ಅರಿವಿಲ್ಲದೆ ಜೋರಾಗಿ ಊದತೊಡಗುತ್ತಾರೆ.

ಸ್ವರಲಿಪಿಯ ಹಾಳೆ ಇಟ್ಟುಕೊಳ್ಳುವವರು ನಾಲ್ಕು ಮೂಲೆಗೂ ಕ್ಲಿಪ್ ಹಾಕಿ, ಸ್ಟ್ಯಾಂಡನ್ನು ತಗ್ಗಿಸಿ, ಅದರ ಕಾಲಿಗೆ ಮರಳಿನ ಚೀಲ ಕಟ್ಟಿ.

ಹಂತ 10: ವಾದ್ಯದ ಆರೈಕೆ

ಒಣಗಾಳಿ ಮತ್ತು ಬಿಸಿಲು ಒಟ್ಟಿಗೆ ಬಿದ್ದರೆ ಬಿದಿರು ಸೀಳುತ್ತದೆ. ಒಳಮೈ ಉಸಿರಿನ ತೇವದಿಂದ ಹಿಗ್ಗಿರುತ್ತದೆ, ಹೊರಮೈ ಒಣಗಿ ಕುಗ್ಗಿರುತ್ತದೆ, ಆ ಎಳೆದಾಟ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಮರದ ಫ್ಲೂಟಿಗೂ ಇದೇ ಅಪಾಯ. ಬಯಲಿಗೆ ಒಯ್ಯುವ ಕೊಳಲಿಗೆ ಮೂರು ನಾಲ್ಕು ಕಡೆ ನೈಲಾನ್ ದಾರದ ಬಿಗಿಸುತ್ತು ಇರಲಿ. ನುಡಿಸದ ಹೊತ್ತಿನಲ್ಲಿ ಅದು ಬಟ್ಟೆಯ ಚೀಲದೊಳಗಿರಲಿ. ಕುರ್ಚಿಯ ಮೇಲೆ, ಮೇಜಿನ ಅಂಚಿನಲ್ಲಿ ಬಿಟ್ಟು ಏಳಬೇಡಿ, ಉರುಳಲು ಒಂದು ಬೀಸು ಸಾಕು.

ಲೋಹದ ಫ್ಲೂಟಿಗೆ ಧೂಳೇ ಶತ್ರು. ಕೀಲಿಗಳ ಸಂದಿಯಲ್ಲಿ ಕೂತ ಮರಳಿನ ಕಣವನ್ನು ಬಟ್ಟೆಯಿಂದ ಒರೆಸಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಮೊದಲು ಮೃದುವಾದ ಕುಂಚದಿಂದ ಹೊರಕ್ಕೆ ತಳ್ಳಿ, ಆಮೇಲೆ ಒರೆಸಿ. ಒಳಗಿನ ತೇವವನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೆಯುವುದನ್ನು ಮರೆಯಬೇಡಿ. ಅದೇ ಕಡ್ಡಿಯ ತುದಿಯಲ್ಲಿರುವ ಗೆರೆಯಿಂದ ತಲೆಭಾಗದ ಬಿರಡೆ ಜಾಗ ಬಿಟ್ಟು ಸರಿದಿದೆಯೇ ಎಂದೂ ನೋಡಬಹುದು: ಅದು ಊದುವ ರಂಧ್ರದ ನಡುವಿನಿಂದ ಸುಮಾರು 17 ಮಿಲಿಮೀಟರ್ ದೂರದಲ್ಲಿರಬೇಕು. ಒಣಹವೆಯಲ್ಲಿ ಬಿರಡೆ ಕುಗ್ಗಿ ಸಡಿಲವಾಗುವುದುಂಟು, ಬಿದಿರಿನ ಕೊಳಲಿನಲ್ಲೂ.

ಮರುದಿನ ಮನೆಯೊಳಗೆ ಬಿದಿರಿನ ಕೊಳಲನ್ನು ಬೆಳಕಿಗೆ ಹಿಡಿದು ಎಳೆಯುದ್ದಕ್ಕೂ ನೋಡಿ. ಬಳಿಕ ಎಲ್ಲ ರಂಧ್ರಗಳನ್ನೂ ಮುಚ್ಚಿ ಅತಿ ಕೆಳಗಿನ ಸ್ವರವನ್ನು ಮೆಲ್ಲಗೆ ನುಡಿಸಿ. ಬೆರಳುಗಳು ಸರಿಯಾಗಿ ಕೂತಿದ್ದೂ ಆ ಸ್ವರ ಮೊದಲಿನಷ್ಟು ಸುಲಭವಾಗಿ ಬರದಿದ್ದರೆ, ಕಣ್ಣಿಗೆ ಕಾಣದ ಸೀಳಿನಿಂದಲೋ ಸಡಿಲಗೊಂಡ ಬಿರಡೆಯಿಂದಲೋ ಗಾಳಿ ಸೋರುತ್ತಿರಬಹುದು. ಸೀಳು ಸಿಕ್ಕರೆ ಅದು ಬೆಳೆಯುವ ಮೊದಲೇ ಅದರ ಎರಡೂ ಕೊನೆಗೆ ದಾರ ಬಿಗಿದು ಸುತ್ತಿ, ವಾದ್ಯ ಮಾಡುವವರ ಕೈಗೆ ಕೊಡಿ.